ಘಟ್ಟದ ಹಾದಿ, ಕಕ್ಕಡದ ಮಳೆ ಮತ್ತು ವಿದ್ಯುತ್ ಕಾರು

ರೈಲು ಹಳಿಯೇ ಇಲ್ಲದ ಕೊಡಗು ಜಿಲ್ಲೆಯಲ್ಲಿ ಜನರ ಓಡಾಟವೆಲ್ಲ ರಸ್ತೆಯನ್ನೇ ನೆಚ್ಚಿಕೊಂಡಿದೆ. ಅದರಲ್ಲೂ ಕಾವೇರಿಯ ದಡದಲ್ಲಿರುವ ನಾಪೋಕ್ಲುವಿನವರು ಕಚೇರಿ ಕೆಲಸಕ್ಕೆ ಮಡಿಕೇರಿಗೋ ವ್ಯಾಪಾರಕ್ಕೆ ವಿರಾಜಪೇಟೆಗೋ ಹೋಗಬೇಕಾದರೆ ಸುಮಾರು 20 ಕಿಲೋಮೀಟರ್ ದಾರಿ ಸವೆಸಬೇಕಾಗುತ್ತದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಮೈಸೂರು ಇಲ್ಲವೇ ಮಂಗಳೂರಿನ ಹಾದಿ ಹಿಡಿಯಬೇಕು. ಮನೆಗಳು ಪೇಟೆಯಲ್ಲಿ ಒತ್ತೊತ್ತಾಗಿರದೆ ಕಾಫಿ ತೋಟಗಳ ನಡುವೆ ಚದುರಿಕೊಂಡಿರುವುದರಿಂದ ಬಸ್ಸು ಇಳಿದ ಮೇಲೂ ನಡೆಯುವ ದಾರಿ ಉಳಿದೇ ಇರುತ್ತದೆ. ಹೀಗಾಗಿ ಇಲ್ಲಿ ಕಾರು ಅಥವಾ ಜೀಪು ಅನೇಕ ಕುಟುಂಬಗಳಿಗೆ ದಿನಬಳಕೆಯ ಸಾಧನವಾಗಿದೆ. ಇಂಥ ಊರಿಗೆ ವಿದ್ಯುತ್ ಕಾರು ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನ ಅನುಭವದಿಂದ ಉತ್ತರ ಹೇಳಲಾಗದು, ಏಕೆಂದರೆ ಅಲ್ಲಿಯ ತೊಡಕುಗಳೇ ಬೇರೆ, ಇಲ್ಲಿಯವೇ ಬೇರೆ. ಕಾರಿನ ಮಟ್ಟಿಗೆ ಹೇಳುವುದಾದರೆ ಅದು ಕೊಡಗಿನ ದಿನನಿತ್ಯದ ಓಡಾಟಕ್ಕೆ ಈಗಾಗಲೇ ಸಾಕಷ್ಟು ಸಮರ್ಥವಾಗಿದೆ; ಅಡ್ಡಿ ಇರುವುದು ಮನೆಯವರೆಗೆ ಕರೆಂಟು ತರುವ ತಂತಿಯಲ್ಲಿ, ಮತ್ತು ಆ ಕಡೆಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಕರ್ನಾಟಕಕ್ಕೆ ವಿದ್ಯುತ್ ಕಾರು ಹೊಸದೇನೂ ಅಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರೇವಾ ಕಂಪನಿಯು ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ ರೂಪಿಸಿದ ಎರಡು ಬಾಗಿಲಿನ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು; 2010ರಲ್ಲಿ ಆ ಕಂಪನಿ ಮಹೀಂದ್ರಾ ಸಮೂಹದ ಪಾಲಾಯಿತು. ಸೀಸ ಮತ್ತು ಆಮ್ಲದ ಬ್ಯಾಟರಿ ಹೊತ್ತಿದ್ದ ಆ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತಾದ್ದರಿಂದ, ನಗರದೊಳಗಿನ ಬಳಕೆಗೆ ಸರಿಹೊಂದಿದರೂ ಘಟ್ಟದ ಊರುಗಳಿಗೆ ಅದು ದೂರದ ಮಾತಾಗಿಯೇ ಉಳಿಯಿತು. ಪರಿಸ್ಥಿತಿ ಬದಲಾದದ್ದು ಅದೇ ತೂಕದಲ್ಲಿ ಹಲವು ಪಟ್ಟು ಶಕ್ತಿ ಹಿಡಿದಿಡಬಲ್ಲ ಲಿಥಿಯಂ ಅಯಾನ್ ಬ್ಯಾಟರಿಯ ಬೆಲೆ ಇಳಿದ ಮೇಲೆ. ರಾಜ್ಯ ಸರ್ಕಾರ 2017ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ, 2022ರಲ್ಲಿ ಅದೇ ಕಂಪನಿಯ ಟಿಯಾಗೊ ಇವಿ ಬಂದ ನಂತರ ಮಧ್ಯಮ ವರ್ಗದ ಕುಟುಂಬಗಳು ವಿದ್ಯುತ್ ಕಾರಿನ ವಿಚಾರವನ್ನು ಗಂಭೀರವಾಗಿ ಯೋಚಿಸುವಂತಾಯಿತು.

ವಿದ್ಯುತ್ ಕಾರಿನ ಬ್ಯಾಟರಿಯ ಗಾತ್ರವನ್ನು ಕಿಲೋವಾಟ್-ಗಂಟೆಗಳಲ್ಲಿ ಹೇಳುತ್ತಾರೆ. ಮನೆಯ ಕರೆಂಟು ಬಿಲ್ಲಿನಲ್ಲಿ ಒಂದು ಯೂನಿಟ್ ಎಂದು ಬರೆದಿರುವುದೂ ಇದೇ ಒಂದು ಕಿಲೋವಾಟ್-ಗಂಟೆ; ಆದ್ದರಿಂದ 30 ಕಿಲೋವಾಟ್-ಗಂಟೆಯ ಬ್ಯಾಟರಿ ಎಂದರೆ 30 ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿ ಎಂದು ತಿಳಿದರೆ ಸಾಕು. ಕಂಪನಿಗಳು ಜಾಹೀರಾತಿನಲ್ಲಿ ತೋರಿಸುವ ದೂರವನ್ನು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ ಅಳೆದಿರುತ್ತಾರೆ. ರಸ್ತೆಯ ಮೇಲೆ ಅದರ ಮೂರರಲ್ಲಿ ಎರಡು ಪಾಲು, ಜಾಣತನದಿಂದ ಓಡಿಸಿದರೆ ಮುಕ್ಕಾಲು ಪಾಲು ಸಿಗುತ್ತದೆ. ಮೊದಲ ನೆಕ್ಸಾನ್ ಇವಿಗೆ 30.2 ಯೂನಿಟ್ ಬ್ಯಾಟರಿಯೂ 312 ಕಿಲೋಮೀಟರಿನ ಪ್ರಮಾಣಪತ್ರವೂ ಇದ್ದವು. ದಿನಬಳಕೆಯಲ್ಲಿ ಅದನ್ನು 200 ಎಂದು ಹಿಡಿಯುವುದೇ ಕ್ಷೇಮ. ನಾಪೋಕ್ಲುವಿನಿಂದ ಮಡಿಕೇರಿಗೆ ಹೋಗಿ ಬರಲು 40ರಿಂದ 45 ಕಿಲೋಮೀಟರ್ ಆಗುವುದರಿಂದ, ಪ್ರತಿದಿನ ಹೋಗಿ ಬರುವವರಿಗೂ ಮೂರು ನಾಲ್ಕು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ಕರೆಂಟಿನ ಕಥೆಗೆ ಬಂದಾಗ ಈ ಮೂರು ನಾಲ್ಕು ದಿನಗಳ ಬಿಡುವು ಬಹಳ ಮುಖ್ಯವಾಗುತ್ತದೆ.

ಘಟ್ಟ ಹತ್ತುವಾಗ ಬ್ಯಾಟರಿ ಬರಿದಾಗಿಬಿಡುತ್ತದೆ ಎಂಬ ಅಂಜಿಕೆ ಮಲೆನಾಡಿನಲ್ಲಿ ವ್ಯಾಪಕವಾಗಿದೆ, ಮತ್ತು ಅದಕ್ಕೆ ಅರ್ಧದಷ್ಟು ಆಧಾರವೂ ಇದೆ. ಸಂಪಾಜೆಯಿಂದ ಮಡಿಕೇರಿಗೆ 26 ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ರಸ್ತೆ ಸುಮಾರು 1000 ಮೀಟರ್ ಮೇಲೇರುತ್ತದೆ. ಜನರನ್ನೂ ಸೇರಿಸಿ 1600 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ತೂಕ, ಗುರುತ್ವ ಮತ್ತು ಎತ್ತರಗಳನ್ನು ಗುಣಿಸಿ ನೋಡಿದರೆ, 4.4 ಯೂನಿಟ್ ಶಕ್ತಿ ಬೇಕು. ಮೋಟಾರಿನಲ್ಲಿ ಆಗುವ ನಷ್ಟ ಸೇರಿದರೆ ಹತ್ತಿರಹತ್ತಿರ 5. ಅಷ್ಟೇ ದೂರ ಸಮತಟ್ಟು ರಸ್ತೆಯಲ್ಲಿ ಓಡಲು ಮೂರೂವರೆ ಯೂನಿಟ್ ಸಾಕಾಗುವುದರಿಂದ, ಏರುವಾಗಿನ ಖರ್ಚು ಅದರ ಎರಡೂವರೆ ಪಟ್ಟು ಆಗುತ್ತದೆ. ಇಳಿಯುವಾಗಿನ ಲೆಕ್ಕ ಮಾತ್ರ ಬೇರೆಯೇ. ಇಳಿಜಾರಿನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಇದನ್ನು ಮರುಉತ್ಪಾದಕ ಬ್ರೇಕಿಂಗ್ ಎನ್ನುತ್ತಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಕಾರು ದಾರಿಯುದ್ದಕ್ಕೂ ಬಹುತೇಕ ಏನನ್ನೂ ಖರ್ಚು ಮಾಡದೆ, ಕೆಳಗೆ ತಲುಪುವಷ್ಟರಲ್ಲಿ ಒಂದು ಯೂನಿಟ್ಟಿನಷ್ಟನ್ನು ಗಳಿಸಿಯೂ ಇರಬಲ್ಲದು. ಹೋಗುವುದನ್ನೂ ಬರುವುದನ್ನೂ ಕೂಡಿಸಿ ನೋಡಿದರೆ ಘಟ್ಟದ ದಾರಿಗೂ ಬಯಲು ದಾರಿಗೂ ಇರುವ ವ್ಯತ್ಯಾಸ ಒಂದು ಯೂನಿಟ್ಟಿನ ಸುತ್ತಮುತ್ತ ನಿಲ್ಲುತ್ತದೆ. ಪೆಟ್ರೋಲ್ ಕಾರು ಅದೇ ಇಳಿಜಾರಿನಲ್ಲಿ ಆ ಶಕ್ತಿಯನ್ನು ಬ್ರೇಕು, ಎಂಜಿನ್ನುಗಳಲ್ಲಿ ಬಿಸಿಯಾಗಿ ಕಳೆದುಕೊಳ್ಳುತ್ತದೆ ಎಂಬುದನ್ನು ನೆನೆದರೆ, ಗುಡ್ಡಗಾಡಿಗೆ ಯಾವ ವಾಹನ ಹೆಚ್ಚು ಒಗ್ಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲಿ ಮಾರಾಟಗಾರರು ಸಾಮಾನ್ಯವಾಗಿ ಹೇಳದ ಒಂದು ಸಂಗತಿಯಿದೆ. ಬ್ಯಾಟರಿ ನೂರಕ್ಕೆ ನೂರು ತುಂಬಿರುವಾಗ ಅದಕ್ಕೆ ಮತ್ತಷ್ಟು ಕರೆಂಟು ಸೇರಿಸಲಾಗದು, ಆದ್ದರಿಂದ ಮಡಿಕೇರಿಯ ಮನೆಯಲ್ಲಿ ರಾತ್ರಿಯಿಡೀ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ನೇರವಾಗಿ ಘಟ್ಟ ಇಳಿಯುವ ಕಾರಿನಲ್ಲಿ ಮೊದಲ ಕೆಲವು ಕಿಲೋಮೀಟರ್ ಮರುಉತ್ಪಾದಕ ಬ್ರೇಕಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಾಲಕನು ಕಾಲಿನ ಬ್ರೇಕನ್ನೇ ಒತ್ತುತ್ತ ಹೋಗಬೇಕಾಗುತ್ತದೆ. ಗೇರು ತಗ್ಗಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯುವ ಅಭ್ಯಾಸವಿರುವ ಘಟ್ಟದ ಚಾಲಕರಿಗೆ ಇದು ಅಚ್ಚರಿ ತರಬಹುದು. ಎತ್ತರದಲ್ಲಿ ಮನೆಯಿರುವವರು ಚಾರ್ಜನ್ನು 80 ಅಥವಾ 90ಕ್ಕೆ ನಿಲ್ಲಿಸುವುದು ಹಣಕ್ಕೂ ಒಳ್ಳೆಯದು, ಸುರಕ್ಷತೆಗೂ ಒಳ್ಳೆಯದು. ಕೊಡಗಿನ ಹವೆಯೂ ಈ ಕಾರಿಗೆ ಅನುಕೂಲಕರವೇ: ಇಲ್ಲಿ ಬ್ಯಾಟರಿಯನ್ನು ಸೊರಗಿಸುವ ಹಿಮವಿಲ್ಲ, ಎಸಿಗೆ ಯೂನಿಟ್ಟುಗಟ್ಟಲೆ ಸುರಿಯಬೇಕಾದ ಬೇಸಿಗೆಯೂ ಇಲ್ಲ, ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಮಾತ್ರ ಎಸಿ ಹಾಕಬೇಕಾಗುತ್ತದೆ.

ಇವೆಲ್ಲ ಕಾಗದದ ಮೇಲಿನ ಲೆಕ್ಕ ಎನ್ನುವವರು ಕೆಎಸ್ಆರ್‌ಟಿಸಿಯ ಬಸ್ಸುಗಳನ್ನು ಗಮನಿಸಬಹುದು. 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ನಡುವೆ ಆರಂಭವಾದ ನಿಗಮದ ‘ಇವಿ ಪವರ್ ಪ್ಲಸ್’ ವಿದ್ಯುತ್ ಬಸ್ಸುಗಳ ಸೇವೆಯನ್ನು ಅದೇ ವರ್ಷ ಮಡಿಕೇರಿಗೂ ವಿಸ್ತರಿಸಲಾಯಿತು. ಪ್ರಯಾಣಿಕರನ್ನೂ ಅವರ ಸರಂಜಾಮನ್ನೂ ಹೊತ್ತು ಕುಶಾಲನಗರ ದಾಟಿ, ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿಯ ತಿರುವುಗಳನ್ನು ಬಸ್ಸು ಏರಿ ಬರುತ್ತದೆಯೆಂದಾದರೆ, ನಾಲ್ಕು ಜನರ ಕಾರಿನ ವಿಷಯದಲ್ಲಿ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ.

ನಗರವಾಸಿಗೆ ಇಲ್ಲದ ಒಂದು ದೊಡ್ಡ ಅನುಕೂಲ ತೋಟದ ಮನೆಗಿದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ತನ್ನದೇ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಲು ನಿವಾಸಿಗಳ ಸಂಘದ ಒಪ್ಪಿಗೆ, ಬೇರೆ ಮೀಟರು, ನಿಲುಗಡೆಯ ಜಾಗ ಎಂದು ಹೆಣಗಬೇಕು. ನಾಪೋಕ್ಲುವಿನ ಮನೆಗಳಲ್ಲಿ ಕಾರು ಶೆಡ್ಡಿನಲ್ಲೋ ಕಾಫಿ ಒಣಗಿಸುವ ಕಣದ ಅಂಚಿನಲ್ಲೋ ಮನೆಯ ಗೋಡೆಗೆ ತಾಗಿಯೇ ನಿಲ್ಲುತ್ತದೆ. ನೀರೆತ್ತುವ ಮೋಟಾರಿಗೆ, ಗೀಸರಿಗೆ ಬಳಸುವ 15 ಆಂಪಿಯರ್ ಸಾಕೆಟ್ಟಿನಿಂದಲೇ ಗಂಟೆಗೆ ಎರಡೂವರೆ ಮೂರು ಯೂನಿಟ್ ತುಂಬಬಹುದಾದ್ದರಿಂದ ರಾತ್ರಿ ಊಟವಾದ ಮೇಲೆ ಸಿಕ್ಕಿಸಿ ಬೆಳಗಿನವರೆಗೆ ಬಿಟ್ಟರೆ ಸಣ್ಣ ಬ್ಯಾಟರಿ ತುಂಬಿಬಿಡುತ್ತದೆ. ಆದರೆ ಎಂಟು ಹತ್ತು ಗಂಟೆ ಬಿಡುವಿಲ್ಲದೆ ಹರಿಯುವ ಕರೆಂಟಿಗೆ ಹಳೆಯ ವೈರಿಂಗ್ ತಡೆಯುವುದಿಲ್ಲ. ಮೀಟರಿನಿಂದ ಪ್ರತ್ಯೇಕವಾಗಿ ದಪ್ಪನೆಯ ತಂತಿ ಎಳೆಸಿ, ಅದಕ್ಕೊಂದು ಎಂಸಿಬಿ ಹಾಗೂ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್, ಅಂದರೆ ತಪ್ಪುದಾರಿ ಹಿಡಿದ ಕರೆಂಟನ್ನು ಭೂಮಿಗೆ ಇಳಿಸುವ ವ್ಯವಸ್ಥೆ. ಅದು ಸರಿಯಿಲ್ಲದಿದ್ದರೆ ಅನೇಕ ಕಾರುಗಳ ಚಾರ್ಜರ್ ಕೆಲಸವನ್ನೇ ಆರಂಭಿಸುವುದಿಲ್ಲ. ಗುಂಡಿ ತೆಗೆದು ಉಪ್ಪು ಮತ್ತು ಇದ್ದಿಲು ತುಂಬಿ ವರ್ಷಗಳ ಹಿಂದೆ ಮಾಡಿಸಿ ಮರೆತುಬಿಟ್ಟ ಅರ್ಥಿಂಗು ಮಾರ್ಚ್ ವೇಳೆಗೆ ಮಣ್ಣು ಒಣಗಿದಾಗ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೊದಲು ಅದನ್ನು ಪರೀಕ್ಷಿಸಿ ನೀರುಣಿಸುವುದು ವಿದ್ಯುತ್ ಕಾರು ಇರುವ ಮನೆಯ ಕಡ್ಡಾಯದ ಕೆಲಸವಾಗಬೇಕು.

ಖರ್ಚಿನ ಲೆಕ್ಕ ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ, ಏರುತಗ್ಗಿನ ರಸ್ತೆಯಲ್ಲಿ ಲೀಟರಿಗೆ 14 ಕಿಲೋಮೀಟರ್ ಕೊಡುವ ಕಾರಿಗೆ ಕಿಲೋಮೀಟರಿಗೆ 7 ರೂಪಾಯಿ ಮೀರಿ ತಗಲುತ್ತದೆ. ಚಾರ್ಜ್ ಮಾಡುವಾಗಿನ ನಷ್ಟವನ್ನೂ ಸೇರಿಸಿಕೊಂಡು ಯೂನಿಟ್ಟಿಗೆ ಆರು ಕಿಲೋಮೀಟರಿಗೆ ತುಸು ಕಡಿಮೆ ಓಡುವ ವಿದ್ಯುತ್ ಕಾರಿಗೆ ಮನೆಯ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು ಆಗುತ್ತದೆ. ತಿಂಗಳಿಗೆ 1000 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ 70 ಸಾವಿರ ರೂಪಾಯಿಯಷ್ಟು ಉಳಿಯುವುದರಿಂದ, ಕೊಳ್ಳುವಾಗ ಎರಡೂವರೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೂ ನಾಲ್ಕು ವರ್ಷದಲ್ಲಿ ಅದು ಮರಳುತ್ತದೆ. ವಾರಕ್ಕೊಮ್ಮೆ ಸಂತೆಗೂ ಆಗೊಮ್ಮೆ ಈಗೊಮ್ಮೆ ಮದುವೆಗೂ ಕಾರು ತೆಗೆಯುವ ಹಿರಿಯ ದಂಪತಿಗಳಿಗೆ ಅದೇ ಹಣ ಹತ್ತು ವರ್ಷವಾದರೂ ಹುಟ್ಟದು. ಅಂಥವರಿಗೆ ಹಣ ಉಳಿಸುವ ಆಸೆ ತೋರಿಸಿ ವಿದ್ಯುತ್ ಕಾರು ಮಾರುವುದು ನ್ಯಾಯವಲ್ಲ. ವಿದ್ಯುತ್ ಕಾರಿಗೆ ಜಿಎಸ್‌ಟಿ 2019ರಿಂದಲೂ ನೂರಕ್ಕೆ 5 ಇದೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ 28ರಿಂದ 18ಕ್ಕೆ ಇಳಿದದ್ದರಿಂದ ಬೆಲೆಗಳ ನಡುವಿನ ಅಂತರ ಮತ್ತೆ ಹಿಗ್ಗಿದೆ. ರಾಜ್ಯದ ರಸ್ತೆ ತೆರಿಗೆಯ ಪೂರ್ಣ ವಿನಾಯಿತಿಯೂ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಇಲ್ಲವಾಯಿತು.

ಗೃಹಜ್ಯೋತಿಯ ಪ್ರಶ್ನೆಯನ್ನಂತೂ ಯಾರೂ ಎತ್ತುತ್ತಿಲ್ಲ. 2023ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿ ಉಚಿತ ಯೂನಿಟ್ಟುಗಳ ಮಿತಿಯನ್ನು ನಿಗದಿ ಮಾಡಲಾಗಿದೆ, ಮತ್ತು ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ 1000 ಕಿಲೋಮೀಟರ್ ಓಡುವ ಕಾರು 170 ಯೂನಿಟ್ಟಿನಷ್ಟು ಕೇಳುವುದರಿಂದ, ಇದುವರೆಗೆ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆ ಕಾರು ಬಂದ ತಿಂಗಳೇ ಆ ಸೌಲಭ್ಯದಿಂದ ಹೊರಬೀಳುತ್ತದೆ. ವಾಹನ ಚಾರ್ಜಿಂಗಿಗೆ ರಾಜ್ಯದಲ್ಲಿ ಪ್ರತ್ಯೇಕ ದರವರ್ಗವೇ ಇದೆ; ಮನೆಯ ಕಾರಿಗೂ ಅದರಡಿ ಬೇರೆ ಮೀಟರು ಸುಲಭವಾಗಿ ದೊರೆಯುವಂತಾದರೆ ಈ ತೊಡಕು ಬಗೆಹರಿಯುತ್ತದೆ.

ನಿಜವಾದ ಪರೀಕ್ಷೆ ಜೂನಿನಿಂದ ಶುರುವಾಗುತ್ತದೆ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮತ್ತು ಕಾಡುಮರಗಳ ನಡುವೆಯೇ ವಿದ್ಯುತ್ ತಂತಿಗಳು ಹಾದುಹೋಗುವುದರಿಂದ ಗಾಳಿಮಳೆಗೆ ಒಂದು ಕೊಂಬೆ ಮುರಿದರೂ ಸಾಕು, ಊರಿಗೆ ಊರೇ ಕತ್ತಲಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದಲ್ಲಿ ದಿನಗಟ್ಟಲೆ ಕರೆಂಟಿಲ್ಲದಿರುವುದು ಒಳಗಿನ ಹಳ್ಳಿಗಳಿಗೆ ರೂಢಿಯಾಗಿಬಿಟ್ಟಿದೆ. ಅದೇ ಹೊತ್ತಿಗೆ ಕಾವೇರಿ ಉಕ್ಕಿ ಭಾಗಮಂಡಲದ ತ್ರಿವೇಣಿ ಸಂಗಮವೂ ನಾಪೋಕ್ಲುವಿನ ಚೆರಿಯಪರಂಬು ರಸ್ತೆಯೂ ನೀರಿನಡಿಗೆ ಹೋಗುತ್ತವೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿದಾಗ ಕರಾವಳಿಗೆ ಹೋಗಬೇಕಾದವರು ಕರಿಕೆಯ ಕಡೆಯಿಂದಲೋ ಮಾಕುಟ್ಟದ ಕಡೆಯಿಂದಲೋ ಸುತ್ತಬೇಕಾಯಿತು. ಮಾಮೂಲಿ ದಿನಗಳಲ್ಲಿ ಸಾಕೆನಿಸುವ ಬ್ಯಾಟರಿ ಇಂಥ ದಿನಗಳಲ್ಲಿ ಸಾಲದೆ ಹೋಗಬಹುದು ಎಂಬುದು ಕೊಡಗಿನವರು ಸ್ವಂತ ಅನುಭವದಿಂದ ಬಲ್ಲ ಸಂಗತಿ. ನೀರಿನ ಬಗೆಗೆ ಹೇಳುವುದಾದರೆ, ಬಹುತೇಕ ಕಾರುಗಳ ಬ್ಯಾಟರಿಗೆ ಐಪಿ67 ಎಂಬ ಭದ್ರತೆ ಇರುತ್ತದೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ನುಗ್ಗದು ಎಂಬುದು ಅದರ ಅರ್ಥ. ಹರಿಯುವ ಹೊಳೆಗೆ ಕಾರು ಇಳಿಸಲು ಅದು ಪರವಾನಗಿಯಲ್ಲ. ಸೆಳವಿಗೆ ಪೆಟ್ರೋಲ್ ಕಾರು, ವಿದ್ಯುತ್ ಕಾರು ಎಂಬ ಭೇದವಿಲ್ಲ.

ಕರೆಂಟು ಹೋದಾಗ ತೋಟದ ಮನೆಯ ಡೀಸೆಲ್ ಜನರೇಟರಿನಿಂದ ಕಾರು ಚಾರ್ಜ್ ಮಾಡಬಹುದೇ ಎಂದರೆ, ಮಾಡಬಹುದು. ಒಂದು ಲೀಟರ್ ಡೀಸೆಲ್ಲಿನಿಂದ ಸುಮಾರು ಮೂರು ಯೂನಿಟ್ ಹುಟ್ಟಿ, ಅದರಲ್ಲಿ ಕಾರು 17 ಕಿಲೋಮೀಟರಿನಷ್ಟು ಓಡುತ್ತದೆ. ಡೀಸೆಲ್ ಕಾರಿಗಿಂತ ಇದು ಅಗ್ಗವೂ ಅಲ್ಲ, ತೀರ ದುಬಾರಿಯೂ ಅಲ್ಲ, ತುರ್ತಿಗೆ ಒದಗುವ ದಾರಿ. ಚಾವಣಿಯ ಸೌರಫಲಕ ಮಾತ್ರ ನಂಬಿದಷ್ಟು ಒದಗದು. 2024ರ ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ 3 ಕಿಲೋವಾಟ್ ಫಲಕಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದ್ದು ಬಿಸಿಲುಗಾಲದಲ್ಲಿ ಅದು ಕಾರಿನ ಖರ್ಚನ್ನು ಪೂರ್ತಿ ತೂಗಿಸಬಲ್ಲದಾದರೂ, ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯು ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯ ಕಡೆಯಿಂದ ಕರೆಂಟು ಹೊಡೆಯದಿರಲೆಂದೇ ಹಾಗೆ ಮಾಡಿರುತ್ತಾರೆ.

ಇದಕ್ಕೆ ವಿರುದ್ಧ ದಿಕ್ಕಿನ ಒಂದು ಸಾಧ್ಯತೆ ಕೊಡಗಿಗೆ ಹೆಚ್ಚು ಮಹತ್ವದ್ದು. ಇತ್ತೀಚಿನ ಕೆಲವು ಕಾರುಗಳಲ್ಲಿ, 2023ರ ನಂತರದ ನೆಕ್ಸಾನ್ ಇವಿಯೂ ಸೇರಿದಂತೆ, ಬ್ಯಾಟರಿಯ ಕರೆಂಟನ್ನು ಹೊರಗಿನ ಉಪಕರಣಗಳಿಗೆ ಕೊಡುವ ಸೌಕರ್ಯವಿದೆ. ದೀಪ, ಫ್ಯಾನು, ಫ್ರಿಜ್ಜು, ಮೊಬೈಲ್ ಚಾರ್ಜಿಂಗ್ ಎಂದು ದಿನಕ್ಕೆ ಐದಾರು ಯೂನಿಟ್ ಬಳಸುವ ಮನೆಗೆ, 40 ಯೂನಿಟ್ ತುಂಬಿಕೊಂಡು ಶೆಡ್ಡಿನಲ್ಲಿ ನಿಂತ ಕಾರು ನಾಲ್ಕೈದು ದಿನ ಬೆಳಕು ಕೊಟ್ಟೂ ಆಸ್ಪತ್ರೆಗೆ ಹೋಗಿಬರುವಷ್ಟನ್ನು ಉಳಿಸಿಕೊಳ್ಳಬಲ್ಲದು. ಮಳೆಯ ಮುನ್ಸೂಚನೆ ಬಂದ ರಾತ್ರಿಯೇ ಕಾರನ್ನು ತುಂಬಿಸಿಟ್ಟುಕೊಳ್ಳುವ ಕುಟುಂಬಕ್ಕೆ ಕಕ್ಕಡದ ಕತ್ತಲೆ ಈಗಿನಷ್ಟು ಕಷ್ಟವೆನಿಸದು.

ದೂರದ ಪ್ರಯಾಣದಲ್ಲಿ ಇನ್ನೂ ತಾಳ್ಮೆ ಬೇಕು. ನಾಪೋಕ್ಲುವಿನಿಂದ ಮೈಸೂರಿಗೆ ಒಂದೇ ಚಾರ್ಜಿನಲ್ಲಿ ಹೋಗಬಹುದು, ಆದರೆ ಸಣ್ಣ ಬ್ಯಾಟರಿಯವರು ಅಲ್ಲಿ ತುಂಬಿಸಿಕೊಳ್ಳದೆ ಮರಳುವಂತಿಲ್ಲ. ಬೆಂಗಳೂರಿಗಾದರೆ ದಾರಿಯಲ್ಲಿ ಒಂದು ನಿಲುಗಡೆ ಖಚಿತ. ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ ವೇಗದ ಚಾರ್ಜರುಗಳು ಬಂದಿವೆ, ಆದರೆ ಅಲ್ಲಿ ಯೂನಿಟ್ಟಿನ ದರ ಮನೆಯದರ ಮೂರು ಪಟ್ಟು ದಾಟುತ್ತದೆ. ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನ, ತಡಿಯಂಡಮೋಳ್ ಬೆಟ್ಟ, ತಲಕಾವೇರಿಗಳಿಗೆ ನಾಪೋಕ್ಲು ಮೂಲಕ ಹಾದುಹೋಗುವವರಿಗೆ ಊರಿನ ಹೋಂಸ್ಟೇಗಳು ರಾತ್ರಿಯಿಡೀ ನಿಧಾನವಾಗಿ ತುಂಬಿಸುವ ಸಾಕೆಟ್ಟು ಒದಗಿಸಿದರೂ ಸಾಕು. ಲಕ್ಷಗಟ್ಟಲೆ ಬೆಲೆಯ ವೇಗದ ಚಾರ್ಜರ್ ಅವರಿಗೆ ಬೇಕಿಲ್ಲ.

ತೋಟದೊಳಗಿನ ಕೆಸರು ದಾರಿಗೆ ಗೊಬ್ಬರ, ಕಾಫಿ ಮೂಟೆ ಸಾಗಿಸುವ ನಾಲ್ಕು ಚಕ್ರ ಚಾಲನೆಯ ಜೀಪು ಮತ್ತು ಪಿಕಪ್ಪುಗಳ ಜಾಗವನ್ನು ವಿದ್ಯುತ್ ಕಾರು ಸದ್ಯಕ್ಕೆ ತುಂಬಲಾರದು. ಕೈಗೆಟುಕುವ ಬೆಲೆಯ ಮಾದರಿಗಳಲ್ಲಿ ಎರಡೇ ಚಕ್ರಗಳಿಗೆ ಶಕ್ತಿ ಹೋಗುತ್ತದೆ, ಬ್ಯಾಟರಿ ನೆಲದ ಹಲಗೆಯಡಿ ಇರುವುದರಿಂದ ಚೂಪುಗಲ್ಲು ತಾಗುವ ಭಯವೂ ಇದೆ. 2025ರಲ್ಲಿ ಬಂದ ಹ್ಯಾರಿಯರ್ ಇವಿಯಂಥವು ಎರಡು ಮೋಟಾರಿನಿಂದ ನಾಲ್ಕೂ ಚಕ್ರ ತಿರುಗಿಸಿದರೂ ಅವುಗಳ ಬೆಲೆ ಸಣ್ಣ ಬೆಳೆಗಾರನ ಅಳವಿನದಲ್ಲ. ಜೀಪು ಇರುವ ಮನೆಗೆ ಎರಡನೆಯ ವಾಹನವಾಗಿ, ಡಾಂಬರು ರಸ್ತೆಯ ದಿನದ ಓಡಾಟಕ್ಕೆ, ವಿದ್ಯುತ್ ಕಾರು ಮೊದಲು ಕಾಲಿಡುವುದು ಸಹಜ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ಖಾತರಿ ಇರುತ್ತದೆ; ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಪತ್ತೆಯಾದ ಲಿಥಿಯಂ ನಿಕ್ಷೇಪದ ಅಂದಾಜು ಮೊದಲಿಗೆ 14,100 ಟನ್ ಎಂದಿದ್ದದ್ದು ಆಮೇಲೆ 1600 ಟನ್ನಿಗೆ ಇಳಿದಿರುವುದನ್ನು ನೋಡಿದರೆ, ಹಳೆಯ ಬ್ಯಾಟರಿಯಿಂದ ಲೋಹ ಮರಳಿ ಪಡೆಯುವ ಕೆಲಸ ಎಷ್ಟು ಅಗತ್ಯ ಎಂಬುದು ಮನವರಿಕೆಯಾಗುತ್ತದೆ.

ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ವಿದ್ಯುತ್ ಕಾರುಗಳೇ ಆಗಿದ್ದವು. ಅದೂ ಗುಡ್ಡಗಾಡಿನ ನಾಡು, ಮಳೆ ಹಿಮಗಳ ನಾಡು, ಹೊಳೆಗಳಿಂದ ವಿದ್ಯುತ್ ತೆಗೆಯುವ ನಾಡು. ತೆರಿಗೆ ರಿಯಾಯಿತಿಯಷ್ಟೇ ಮನೆಮನೆಗೆ ತಪ್ಪದೆ ಬರುವ ಕರೆಂಟೂ ಅಲ್ಲಿ ಈ ಬದಲಾವಣೆಗೆ ಕಾರಣವಾಗಿದೆ. ನಾಪೋಕ್ಲುವಿನ ಪಕ್ಕದಲ್ಲಿ ಹರಿಯುವ ಕಾವೇರಿಯಿಂದಲೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಲಾಗಿತ್ತು. ಆ ಹೊಳೆಯ ಹುಟ್ಟೂರಿನ ಸೀಮೆ ಇಂದಿಗೂ ಮಳೆಗಾಲದಲ್ಲಿ ಕತ್ತಲಲ್ಲಿ ಕೂರುವುದನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಕೊಡಗಿಗೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್‌ನ, ಮುಂದಿರುವ ಕೆಲಸ ದೊಡ್ಡದಾದರೂ ಅಸಾಧ್ಯವಾದುದಲ್ಲ. ಒಂದು 25 ಕೆವಿಎ ಟ್ರಾನ್ಸ್‌ಫಾರ್ಮರಿನ, ಜನರ ಮಾತಿನಲ್ಲಿ ಟಿಸಿಯ, ಮೇಲೆ ಐದು ಮನೆಗಳು ಏಳು ಕಿಲೋವಾಟಿನ ಚಾರ್ಜರುಗಳನ್ನು ಒಟ್ಟಿಗೆ ಹಾಕಿದರೆ 35 ಕಿಲೋವಾಟ್ ಹೊರೆ ಬಿದ್ದು ಅದು ಕೈಚೆಲ್ಲುತ್ತದೆ. ಅದೇ ಐದು ಮನೆಗಳು ರಾತ್ರಿ ಹತ್ತರ ನಂತರ ಮೂರು ಕಿಲೋವಾಟಿನಲ್ಲಿ ನಿಧಾನವಾಗಿ ತುಂಬಿಸಿಕೊಂಡರೆ 15ರಲ್ಲಿ ಮುಗಿಯುತ್ತದೆ. ಕಾಫಿ ಹೂವಿಗೆ ನೀರು ಹಾಯಿಸುವ ಪಂಪುಗಳು ಓಡಿ ವೋಲ್ಟೇಜು ಕುಸಿಯುವ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿಯೂ ಈ ರಾತ್ರಿಯ ಕ್ರಮವೇ ಸರಿ. ಅದಕ್ಕೆ ತಕ್ಕಂತೆ ರಾತ್ರಿಯ ದರವನ್ನು ತಗ್ಗಿಸಬೇಕು, ತೋಟಗಳೊಳಗೆ ಹಾದುಹೋಗುವ ಬರಿಯ ತಂತಿಗಳ ಬದಲಿಗೆ ಕೊಂಬೆ ತಾಗಿದರೂ ಕರೆಂಟು ಕಡಿಯದ ಹೊದಿಕೆಯ ಕೇಬಲ್ಲುಗಳನ್ನು ಎಳೆಯಬೇಕು, ಮೇ ತಿಂಗಳೊಳಗೆ ಬೆಳೆಗಾರರನ್ನು ಕೂಡಿಕೊಂಡು ಲೈನಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಬೇಕು, ಸುರಿವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಸಂಖ್ಯೆಯನ್ನೂ ಅವರ ರಕ್ಷಣಾ ಸಲಕರಣೆಗಳನ್ನೂ ಹೆಚ್ಚಿಸಬೇಕು. 2024ರಲ್ಲಿ ಬಂದ ಕೇಂದ್ರದ ‘ಪಿಎಂ ಇ-ಡ್ರೈವ್’ ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿಯನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲಿಡಲಾಗಿದೆ. ಕೊಡಗಿನಂಥ ಜಿಲ್ಲೆಗಳಲ್ಲಿ ಇಂಥ ಹಣದ ಒಂದು ಪಾಲು ಹಳ್ಳಿಯ ಟಿಸಿಗಳಿಗೂ ಹೊದಿಕೆಯ ಕೇಬಲ್ಲಿಗೂ ಸಲ್ಲುವಂತೆ ನಿಯಮ ಬದಲಾಯಿಸಿದರೆ, ನಾಪೋಕ್ಲುವಿನ ಮನೆಗಳು ತಮ್ಮ ಚಾರ್ಜಿಂಗ್ ಕೇಂದ್ರವನ್ನು ತಮ್ಮ ಶೆಡ್ಡಿನಲ್ಲಿಯೇ ಮಾಡಿಕೊಳ್ಳುತ್ತವೆ.